ಮುಚ್ಚಳಿಕೆ ಬರೆದುಕೊಟ್ಟವರು

ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 2007ರಲ್ಲಿ, ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿತ್ತು. ಆಗ ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿಯಾಗಿದ್ದ ಮಂಚೇನಹಳ್ಳಿ ಈಗ ತಾನೇ ಒಂದು ತಾಲ್ಲೂಕು. ನಂದಿಬೆಟ್ಟದ ಆಚೀಚೆ ಇರುವ ಈ ಊರುಗಳವರಿಗೆ ವಿಮಾನವೆಂದರೆ ಕತ್ತೆತ್ತಿ ನೋಡುವ ಸೋಜಿಗವಾಗಿ ಉಳಿದಿಲ್ಲ. ನಿಲ್ದಾಣ ಈ ಕಡೆಯ ಹುಡುಗರಿಗೆ ಕೆಲಸವನ್ನೂ ಕೊಟ್ಟಿದೆ. ಟ್ಯಾಕ್ಸಿ ಓಡಿಸುವುದು, ಸಾಮಾನು ಸಾಗಿಸುವುದು, ಕಾವಲು ಕಾಯುವುದು, ನೆಲ ಒರೆಸುವುದು. ಇವೆಲ್ಲ ವಿಮಾನದ ಕೆಳಗಿನ ಕೆಲಸಗಳು. ವಿಮಾನದ ಒಳಗೆ, ಮುಂದಿನ ಸೀಟಿನಲ್ಲಿ ಕೂರುವ ಕೆಲಸವನ್ನು ತಮ್ಮ ಮಗ ಅಥವಾ ಮಗಳು ಮಾಡಬಹುದೇ, ಅದಕ್ಕೆ ಎಷ್ಟಾಗುತ್ತದೆ ಎಂದು ಕೇಳುವ ತಂದೆತಾಯಿಗಳು ಈಗ ಗೌರಿಬಿದನೂರಿನಲ್ಲೂ ಚಿಂತಾಮಣಿಯಲ್ಲೂ ಸಿಗುತ್ತಾರೆ.

ಎಷ್ಟಾಗುತ್ತದೆ ಎಂಬುದಕ್ಕೆ ಉತ್ತರ ಎರಡು ಕಂತಿನದು. ಮೊದಲು 200 ಗಂಟೆ ಹಾರಾಟ ಮುಗಿಸಿ, ಪರೀಕ್ಷೆಗಳನ್ನು ಪಾಸು ಮಾಡಿ ವಾಣಿಜ್ಯ ಪೈಲಟ್ ಲೈಸೆನ್ಸ್ ಪಡೆಯಬೇಕು. ಆ ಲೈಸೆನ್ಸ್ ಹಿಡಿದು ಹೋದರೆ ಏರ್‌ಬಸ್ಸನ್ನಾಗಲೀ ಬೋಯಿಂಗನ್ನಾಗಲೀ ಯಾರೂ ಕೈಗೆ ಕೊಡುವುದಿಲ್ಲ. ಯಾವ ಮಾದರಿಯ ವಿಮಾನವೋ ಆ ಮಾದರಿಗೇ ಬೇರೆ ತರಬೇತಿ ಆಗಬೇಕು. ಅದಕ್ಕೆ ಮತ್ತೆ ಹಲವು ಲಕ್ಷ. ಎರಡನ್ನೂ ಸೇರಿಸಿ ಕಂಪನಿಗಳೇ ನಡೆಸುವ ಕೆಡೆಟ್ ಯೋಜನೆಗಳ ಖರ್ಚು ಕೋಟಿ ರೂಪಾಯಿಯ ಆಸುಪಾಸಿಗೆ ಹೋಗುತ್ತದೆ. ಜಮೀನು ಮಾರಿಯೋ ಮನೆ ಅಡವಿಟ್ಟೋ ಇಷ್ಟನ್ನು ಹೊಂದಿಸಿ, ಕೊನೆಗೆ ಕೆಲಸ ಸಿಕ್ಕಿತು ಎನ್ನುವ ದಿನ ಮುಂದೆ ಒಂದು ಕಾಗದ ಬರುತ್ತದೆ. ಇಷ್ಟು ವರ್ಷ ನಮ್ಮಲ್ಲೇ ಇರುತ್ತೇನೆ, ನಡುವೆ ಬಿಟ್ಟರೆ ಇಷ್ಟು ಲಕ್ಷ ಕಟ್ಟುತ್ತೇನೆ ಎಂಬ ಒಪ್ಪಂದ. ಬಾಂಡ್ ಎಂದು ಅದರ ಹೆಸರು.

ಹೆಸರು ಹೊಸದು. ಪದಾರ್ಥ ನಮ್ಮ ಸೀಮೆಗೆ ಹೊಸದಲ್ಲ.

ಕನ್ನಡದಲ್ಲಿ ಇದಕ್ಕೆ ಮುಚ್ಚಳಿಕೆ ಎಂಬ ಹಳೆಯ ಮಾತಿದೆ. ಅದು ತುರ್ಕಿಯಿಂದ ಪಾರಸಿಗೆ, ಅಲ್ಲಿಂದ ಕಚೇರಿಗಳ ಮೂಲಕ ನಮ್ಮ ನುಡಿಗೆ ಬಂದದ್ದು. ಕರಾರು, ಜಾಮೀನು, ವಾಯಿದೆ, ತಗಾದೆ, ಜಪ್ತಿ ಇವೂ ಅದೇ ದಾರಿಯಲ್ಲಿ ಬಂದವು. ಒಬ್ಬರನ್ನೊಬ್ಬರು ಕಾಗದದಲ್ಲಿ ಕಟ್ಟಿಹಾಕುವ ಕನ್ನಡದ ಮಾತುಗಳಲ್ಲಿ ಎಷ್ಟೋ ಪಾಲು ಅರಬ್ಬಿ ಪಾರಸಿಯವು. ಉರ್ದುವಿನಲ್ಲೂ ಕನ್ನಡದಲ್ಲೂ ಓದಿದ ನಮ್ಮಂಥವರಿಗೆ ಇದು ಹೆಮ್ಮೆಪಡುವ ಸಂಗತಿಯೋ ನಾಚಿಕೊಳ್ಳುವ ಸಂಗತಿಯೋ ತಿಳಿಯದು. ಇವುಗಳಲ್ಲಿ ವಿಚಿತ್ರವಾದದ್ದು ರಾಜೀನಾಮೆ. ಉರ್ದುವಿನಲ್ಲಿ ಅದು ಇಬ್ಬರೂ ಒಪ್ಪಿ ಬರೆದ ಪತ್ರ, ರಾಜಿಯ ಪತ್ರ. ಕನ್ನಡದಲ್ಲಿ ಒಬ್ಬನೇ ಬರೆದು ಕೊಟ್ಟು ಹೊರಡುವ ಪತ್ರವಾಯಿತು. ಪೈಲಟ್‌ಗಳ ವಿಷಯದಲ್ಲಿ ಅದು ಮತ್ತೆ ಉರ್ದುವಿನ ಅರ್ಥಕ್ಕೇ ಮರಳಿದೆ. ಕಂಪನಿ ರಾಜಿಯಾಗದೆ ಅವರು ಸುಲಭವಾಗಿ ಹೊರಡುವಂತಿಲ್ಲ.

ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಮನೆಗಳಲ್ಲಿ ಇನ್ನೊಂದು ಮಾತು ಓಡಾಡುತ್ತದೆ. ಪೇಷ್ಗಿ. ಅಂದರೆ ಮುಂಗಡ, ಎಲ್ಲರ ಬಾಯಲ್ಲಿ ಅಡ್ವಾನ್ಸು. ಮೈಸೂರು ಸೀಮೆಗೆ ರೇಷ್ಮೆ ತಂದವನು ಟಿಪ್ಪು. ಅವನು ಹುಟ್ಟಿದ ದೇವನಹಳ್ಳಿಯ ಪಕ್ಕದಲ್ಲೇ ಈಗ ವಿಮಾನ ಇಳಿಯುತ್ತದೆ. ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು ಹೆಚ್ಚಾಗಿ ಒಕ್ಕಲು ಮಕ್ಕಳು. ಗೂಡನ್ನು ಹರಾಜಿನಲ್ಲಿ ಕೊಂಡು, ಕುದಿಯುವ ನೀರಿನಲ್ಲಿ ಬೇಯಿಸಿ, ಎಳೆ ಹಿಡಿದು ನೂಲು ತೆಗೆಯುವ ರೀಲರುಗಳಲ್ಲಿ ಬಹುಪಾಲು ಮುಸ್ಲಿಮರು. ಬಿಸಿನೀರಿನ ಬಾಣಲೆಯ ಮುಂದೆ ಕೂತು ಎಳೆ ಹುಡುಕುವ ಕೈಗಳು ಮುಸ್ಲಿಮರ ಮತ್ತು ದಲಿತರ ಮನೆಯ ಹೆಂಗಸರವು. ಬಹಳ ಕಾಲ ಮಕ್ಕಳವೂ ಆಗಿದ್ದವು.

ಪೇಷ್ಗಿಯ ಲೆಕ್ಕ ಸರಳವಾಗಿತ್ತು. ಮದುವೆಗೋ ಕಾಯಿಲೆಗೋ ಮನೆಯ ಯಜಮಾನ ಒಂದಷ್ಟು ಹಣ ತಂದ. ಅದಕ್ಕೆ ಬದಲಾಗಿ ಮಗಳೋ ಮಗನೋ ಫಿಲೇಚರಿಗೆ ಹೋದರು. ಕೂಲಿ ಸಿಗುತ್ತಿತ್ತು, ಆದರೆ ಅಸಲು ಕರಗುವಷ್ಟು ಸಿಗುತ್ತಿರಲಿಲ್ಲ. ಬಿಡಬೇಕಾದರೆ ಪೂರ್ತಿ ಪೇಷ್ಗಿಯನ್ನು ಒಂದೇ ಸಲ ಕಟ್ಟಬೇಕು. ಅಷ್ಟು ಹಣ ಇನ್ನೊಬ್ಬ ಮಾಲೀಕನ ಹತ್ತಿರ ಮಾತ್ರ ಇರುತ್ತಿತ್ತು. ಅವನು ಅದನ್ನು ಮೊದಲ ಮಾಲೀಕನಿಗೆ ಕೊಟ್ಟು ಆಳನ್ನು ಕರೆದೊಯ್ಯುತ್ತಿದ್ದ. ಆಳಿನ ಜೊತೆಗೆ ಸಾಲವೂ ಮನೆ ಬದಲಾಯಿಸುತ್ತಿತ್ತು. ಮಾಲೀಕರ ಹತ್ತಿರ ಇದಕ್ಕೊಂದು ಸಮಜಾಯಿಷಿ ಯಾವಾಗಲೂ ಇತ್ತು. ಮಗು ಇನ್ನೂ ಕೆಲಸ ಕಲಿಯುತ್ತಿದೆ, ಕಲಿಸುವುದಕ್ಕೆ ನಮಗೆ ಖರ್ಚಿಲ್ಲವೇ? ಅದಕ್ಕೇ ಕೂಲಿ ಕಡಿಮೆ, ಅದಕ್ಕೇ ನಡುವೆ ಬಿಡುವಂತಿಲ್ಲ.

2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಮಕ್ಕಳ ಜೀತದ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕಕ್ಕೆ ದೊಡ್ಡ ಜಾಗ ಸಿಕ್ಕಿತು. ಅದು ನಮ್ಮ ಸಮುದಾಯಕ್ಕೆ ಇರುಸುಮುರುಸಿನ ಸಂಗತಿ. ಏಕೆಂದರೆ ಅನೇಕ ಮನೆಗಳಲ್ಲಿ ಮಾಲೀಕರೂ ನಮ್ಮವರೇ, ಬಾಣಲೆಯ ಮುಂದೆ ಕೂತವರೂ ನಮ್ಮವರೇ. ಎರಡು ನಾಲ್ಕು ಬೇಸಿನ್ನುಗಳ ಸಣ್ಣ ರೀಲರು ದೊಡ್ಡ ಧಣಿಯೇನೂ ಅಲ್ಲ ಎಂಬುದೂ ನಿಜ. ಅವನು ಬೆಳಿಗ್ಗೆ ನಗದು ಕೊಟ್ಟು ಗೂಡು ತರಬೇಕು, ನೂಲಿನ ದರ ಅವನ ಕೈಯಲ್ಲಿಲ್ಲ, ಅವನೂ ಮತ್ತೊಬ್ಬರ ಸಾಲದಲ್ಲಿರುತ್ತಾನೆ. ಆದರೆ ಸಾಲದಲ್ಲಿದ್ದವನು ತನಗಿಂತ ಕೆಳಗಿನವನನ್ನು ಸಾಲದಲ್ಲಿ ಕಟ್ಟಿದ್ದಕ್ಕೆ ಅದು ವಿವರಣೆಯಾದೀತು, ಕ್ಷಮೆಯಾಗದು.

ಮುಂಗಡ ಕೊಟ್ಟು ಆಳು ಹಿಡಿಯುವುದನ್ನು ಸರ್ಕಾರವೇ ಕಾನೂನು ಮಾಡಿ ಕಾಪಾಡಿದ ಕಾಲವೂ ಒಂದಿತ್ತು. 1859ರಲ್ಲಿ ಕಂಪನಿ ಆಳ್ವಿಕೆ ಮುಗಿದು ರಾಣಿಯ ಆಳ್ವಿಕೆ ಆಗತಾನೆ ಬಂದಿತ್ತು. ಕಲ್ಕತ್ತೆಯ ಐರೋಪ್ಯ ವರ್ತಕರ ಒತ್ತಾಯಕ್ಕೆ ಆ ವರ್ಷದ 13ನೇ ಕಾಯಿದೆ ಹುಟ್ಟಿತು. ಮುಂಗಡ ಪಡೆದ ಕಸುಬಿಯೋ ಕೂಲಿಯೋ ಕೆಲಸ ಬಿಟ್ಟರೆ ಮಾಲೀಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಹಣ ಹಿಂತಿರುಗಿಸು, ಇಲ್ಲವೇ ಕೆಲಸ ಮಾಡು ಎಂದು ಮ್ಯಾಜಿಸ್ಟ್ರೇಟರು ಹೇಳುತ್ತಾರೆ. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಜೈಲು. ಮಾಲೀಕನೇ ಕರಾರು ಮುರಿದರೆ ಅವನನ್ನು ಜೈಲಿಗೆ ಕಳಿಸುವ ಮಾತು ಆ ಕಾಯಿದೆಯಲ್ಲಿ ಇರಲಿಲ್ಲ. ಪ್ರೆಸಿಡೆನ್ಸಿ ಪಟ್ಟಣಗಳಿಗೆಂದು ಮಾಡಿದ ಈ ಕಾನೂನು ತೋಟಗಳಿಗೆ ಹಬ್ಬಿತು. ಕೊಡಗಿನ ಕಾಫಿ ತೋಟಗಳಿಗೆ ಮೇಸ್ತ್ರಿಗಳು ದಕ್ಷಿಣ ಕನ್ನಡದಿಂದಲೂ ಮೈಸೂರಿನ ಬಯಲುಸೀಮೆಯಿಂದಲೂ ಆಳುಗಳನ್ನು ಕರೆತರುತ್ತಿದ್ದದ್ದು ಮುಂಗಡ ಕೊಟ್ಟೇ. ಇದನ್ನು ರದ್ದು ಮಾಡುವ ಕಾಯಿದೆ ಬಂದದ್ದು 1925ರಲ್ಲಿ. ಸಮುದ್ರದಾಚೆಯ ಕಬ್ಬಿನ ತೋಟಗಳಿಗೆ ಐದು ವರ್ಷದ ಕರಾರಿನ ಮೇಲೆ ಹೋದವರದ್ದು ಇದೇ ಕತೆಯ ಇನ್ನೊಂದು ಅಧ್ಯಾಯ. ಅಗ್ರಿಮೆಂಟ್ ಎಂಬ ಮಾತು ಅವರ ಬಾಯಲ್ಲಿ ಗಿರ್ಮಿಟ್ ಆಯಿತು. ಹುಬ್ಬಳ್ಳಿಯವರ ಮಂಡಕ್ಕಿ ಗಿರ್ಮಿಟ್ಟಿಗೂ ಇದಕ್ಕೂ ನಂಟು ಹುಡುಕುವ ಆಸೆ ನಮಗಿದ್ದರೂ ಅದನ್ನು ಇಲ್ಲಿಗೇ ಬಿಡುತ್ತೇವೆ.

1933ರ ಒಂದು ಕಾಯಿದೆಯನ್ನು ಮಾತ್ರ ಇಲ್ಲಿ ನಿಂತು ನೋಡಬೇಕು. ಮಕ್ಕಳ ದುಡಿಮೆಯನ್ನು ಅಡವಿಡುವುದನ್ನು ನಿಷೇಧಿಸಿದ ಕಾಯಿದೆ ಅದು. ಕಾರ್ಮಿಕರ ಸ್ಥಿತಿ ನೋಡಲು ಬಂದ ವ್ಹಿಟ್ಲಿ ಆಯೋಗ 1931ರಲ್ಲಿ ಕೊಟ್ಟ ವರದಿಯ ಫಲ. ಹದಿನೈದು ವರ್ಷದೊಳಗಿನ ಮಗುವಿನ ದುಡಿಮೆಯನ್ನು ಹಣಕ್ಕೆ ಒತ್ತೆಯಿಟ್ಟು ತಂದೆ ಬರೆದುಕೊಟ್ಟ ಕರಾರು ಅಸಿಂಧು ಎಂದು ಅದು ಹೇಳಿತು. ಹಾಗಾದರೆ ಎಂಥ ಕರಾರು ಸರಿ? ಅದನ್ನೂ ಹೇಳಿತು. ಮಗುವಿಗೆ ಹಾನಿಯಾಗಬಾರದು, ನ್ಯಾಯವಾದ ಕೂಲಿಯ ಹೊರತು ಬೇರೆ ಲಾಭಕ್ಕಾಗಿ ಮಾಡಿದ್ದಾಗಿರಬಾರದು, ಒಂದು ವಾರಕ್ಕಿಂತ ಹೆಚ್ಚಿನ ನೋಟೀಸು ಬೇಡದೆ ಬಿಡುವಂತಿರಬೇಕು. ಒಂದು ವಾರ. ದುಡಿಯುವವರನ್ನು ಕರಾರು ಎಷ್ಟು ದಿನ ಹಿಡಿದಿಡಬಹುದು ಎಂಬುದಕ್ಕೆ ಪರದೇಶದವರ ಸರ್ಕಾರವೊಂದು ಅಂದು ಹಾಕಿದ ಗೆರೆ ಇದು.

ಆಮೇಲೆ 1975ರ ಅಕ್ಟೋಬರಿನ ಸುಗ್ರೀವಾಜ್ಞೆ, 1976ರ ಜೀತ ಪದ್ಧತಿ ರದ್ದು ಕಾಯಿದೆ. ತುರ್ತುಪರಿಸ್ಥಿತಿಯ ಇಪ್ಪತ್ತು ಅಂಶಗಳಲ್ಲಿ ಒಂದಾಗಿ ಬಂದದ್ದೆಂದು ಅದನ್ನು ಹಗುರವಾಗಿ ಕಾಣುವವರಿದ್ದಾರೆ. ಕರ್ನಾಟಕದಲ್ಲಿ ಆಗ ದೇವರಾಜ ಅರಸರ ಸರ್ಕಾರ. ಸಾಲ ಕೊಟ್ಟು ದುಡಿಸಿಕೊಳ್ಳುವ ಕರಾರು ಸಾಯುತ್ತದೆ, ಆ ಸಾಲವೂ ಸಾಯುತ್ತದೆ, ಸತ್ತ ಸಾಲವನ್ನು ವಸೂಲು ಮಾಡಿದವನಿಗೆ ಶಿಕ್ಷೆ ಎಂದು ಕಾಯಿದೆ ಹೇಳಿತು. ಕಾಗದದ ಮೇಲೆ ಇದಕ್ಕಿಂತ ಗಟ್ಟಿಯಾದ ಮಾತು ಸಾಧ್ಯವಿರಲಿಲ್ಲ. ಪೇಷ್ಗಿ ಅದಾದ ಮೇಲೂ ನಡೆಯಿತು ಎಂಬುದಕ್ಕೆ 2003ರ ಆ ವರದಿಯೇ ಸಾಕ್ಷಿ.

ಹಾಗೆಂದು ಕೆಲಸ ಕಲಿಸುವುದೆಲ್ಲ ಕಟ್ಟಿಹಾಕುವುದೇ ಆಗಿತ್ತು ಅನ್ನುವಂತಿಲ್ಲ. ನಮ್ಮ ಊರುಗಳ ಗ್ಯಾರೇಜುಗಳಲ್ಲಿ, ಟೈಲರ್ ಅಂಗಡಿಗಳಲ್ಲಿ ಉಸ್ತಾದ ಮತ್ತು ಶಾಗಿರ್ದರ ಸಂಬಂಧ ಬೇರೆಯೇ ತೆರನದು. ಶಾಗಿರ್ದ ಸ್ಪ್ಯಾನರು ತೊಳೆಯುತ್ತಾನೆ, ಚಹ ತರುತ್ತಾನೆ, ಬೈಗುಳ ತಿನ್ನುತ್ತಾನೆ, ಊಟ ಮತ್ತು ವಾರಕ್ಕಿಷ್ಟು ಕೈಖರ್ಚು ಪಡೆಯುತ್ತಾನೆ. ಕೆಲಸ ಕೈಗೆ ಬಂದ ಮೇಲೆ ಒಂದು ದಿನ ಎದುರು ರಸ್ತೆಯಲ್ಲೇ ತನ್ನ ಗ್ಯಾರೇಜು ತೆರೆಯುತ್ತಾನೆ. ಉಸ್ತಾದ ಗೊಣಗುತ್ತಾನೆ. ಆದರೆ ಕಲಿಸಿದ್ದಕ್ಕೆ ಬಿಲ್ಲು ಕಳಿಸಿದ ಉಸ್ತಾದನನ್ನು ನಾವು ಕಂಡಿಲ್ಲ. ಬೈಗುಳದ ಜೊತೆಗೆ ಏಟೂ ಬೀಳುತ್ತಿದ್ದದ್ದರಿಂದ ಇದನ್ನು ಸ್ವರ್ಗವೆಂದು ಹೇಳುತ್ತಿಲ್ಲ.

ದೊಡ್ಡ ಪ್ರಮಾಣದಲ್ಲಿ ಇನ್ನೊಂದು ದಾರಿ ತೋರಿಸಿದ್ದು ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳು. 1940ರಲ್ಲಿ ವಾಲ್‌ಚಂದ್ ಹಿರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಕಟ್ಟಿದ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್. ಬೆಂಗಳೂರಿಗೆ ಹತ್ತಿರದ ಸಣ್ಣ ಊರುಗಳ ಹುಡುಗರಿಗೆ ಅಪ್ರೆಂಟಿಸ್ ಎಂಬುದು ಮರ್ಯಾದೆಯ ಪದವಾದದ್ದು ಇವುಗಳಿಂದ. 1961ರ ಅಪ್ರೆಂಟಿಸ್ ಕಾಯಿದೆ ಅದಕ್ಕೊಂದು ಚೌಕಟ್ಟು ಹಾಕಿತು. ಕಲಿಯುವವನಿಗೆ ಕಲಿಸುವವನೇ ಸ್ಟೈಪೆಂಡ್ ಕೊಡಬೇಕು. ಕಂಪನಿಯ ತಪ್ಪಿನಿಂದ ಕರಾರು ಮುರಿದರೆ ಕಂಪನಿ ಪರಿಹಾರ ಕೊಡಬೇಕು, ಹುಡುಗನ ತಪ್ಪಿನಿಂದ ಮುರಿದರೆ ತರಬೇತಿಯ ಖರ್ಚನ್ನು ಅವನ ಕಡೆಯವರು ಕೊಡಬೇಕು. ಹೊಣೆ ಎರಡು ಕಡೆಗೂ ಇತ್ತು. 1859ರ ಕಾಯಿದೆಗೂ ಇದಕ್ಕೂ ಇರುವ ಅಂತರ ಅಲ್ಲಿದೆ.

ವಿಮಾನ ಹಾರಿಸುವ ವಿದ್ಯೆಯೂ ಮೊದಮೊದಲು ಈ ದಾರಿಯಲ್ಲೇ ನಡೆಯಿತು. ಫ್ಲೈಯಿಂಗ್ ಕ್ಲಬ್ಬುಗಳಿಗೆ ಸರ್ಕಾರ ಸಹಾಯಧನ ಕೊಡುತ್ತಿತ್ತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಜಕ್ಕೂರಿನಲ್ಲಿ, ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಕೊಟ್ಟ ಜಾಗದಲ್ಲಿ, ಸರ್ಕಾರಿ ವಿಮಾನ ತರಬೇತಿ ಶಾಲೆ ಬಂತು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ಅದು ಇದೆ. ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟ್ಗೆಯವರು ರೂಪಿಸಿದ ಪುಷ್ಪಕ್ ಎಂಬ ಎರಡು ಸೀಟಿನ ಪುಟ್ಟ ವಿಮಾನ ದೇಶದ ಕ್ಲಬ್ಬುಗಳಲ್ಲಿ ಎಷ್ಟೋ ಜನರಿಗೆ ಹಾರುವುದನ್ನು ಕಲಿಸಿತು. 1953ರಲ್ಲಿ ವಿಮಾನ ಕಂಪನಿಗಳು ರಾಷ್ಟ್ರೀಕರಣಗೊಂಡ ಮೇಲೆ ಕೆಲಸ ಕೊಡುವವರು ಮುಖ್ಯವಾಗಿ ಎರಡೇ ಸಂಸ್ಥೆ, ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್. ಎರಡೂ ಸರ್ಕಾರದವು. ಒಂದನ್ನು ಬಿಟ್ಟು ಹೋಗಲು ಹೆಚ್ಚು ಜಾಗವಿಲ್ಲದಿದ್ದರೆ ಕಟ್ಟಿಹಾಕುವ ಹಗ್ಗವೂ ಅಷ್ಟಾಗಿ ಬೇಕಾಗುವುದಿಲ್ಲ.

1990ರ ದಶಕದ ಮೊದಲಲ್ಲಿ ಆಕಾಶ ಖಾಸಗಿಯವರಿಗೆ ತೆರೆಯಿತು. ನಮ್ಮ ರಾಜ್ಯಕ್ಕೆ ಅದರ ಬಿಸಿ ತಟ್ಟಿದ್ದು 2003ರಲ್ಲಿ, ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಿಂದ ಏರ್ ಡೆಕ್ಕನ್ ಆರಂಭಿಸಿದಾಗ. 2005ರಲ್ಲಿ ಕಿಂಗ್‌ಫಿಷರ್ ಬಂತು. ಕಂಪನಿಗಳು ವಿಮಾನಗಳನ್ನು ಕೊಂಡಷ್ಟು ಬೇಗ ಪೈಲಟ್‌ಗಳು ತಯಾರಾಗಲಿಲ್ಲ. ಒಬ್ಬರು ಕಲಿಸಿದವರನ್ನು ಇನ್ನೊಬ್ಬರು ಹೆಚ್ಚು ಸಂಬಳ ಕೊಟ್ಟು ಕರೆದೊಯ್ದರು, ಹಳೆಯ ಬಾಂಡಿನ ಹಣವನ್ನು ತಾವೇ ಕಟ್ಟಿದವರೂ ಇದ್ದರು. ಶಿಡ್ಲಘಟ್ಟದಲ್ಲಿ ಪೇಷ್ಗಿ ತೀರಿಸಿ ಆಳನ್ನು ಕರೆದೊಯ್ದ ರೀಲರು ನಮಗೆ ಇಲ್ಲಿ ನೆನಪಾಗುತ್ತಾನೆ. 2005ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಪೈಲಟ್ ಕೆಲಸ ಬಿಡಬೇಕಾದರೆ ಆರು ತಿಂಗಳ ನೋಟೀಸು ಕೊಡಬೇಕೆಂದು ನಿಯಮ ಮಾಡಿತು. 2017ರಲ್ಲಿ ಅದು ಕಮಾಂಡರುಗಳಿಗೆ ಒಂದು ವರ್ಷವಾಯಿತು. ಸಹಪೈಲಟ್‌ಗಳಿಗೆ ಆರು ತಿಂಗಳೇ ಉಳಿಯಿತು. ಪೈಲಟ್‌ಗಳು ದಿಢೀರನೆ ಬಿಟ್ಟರೆ ವಿಮಾನ ರದ್ದಾಗಿ ಪ್ರಯಾಣಿಕರಿಗೆ ತೊಂದರೆ ಎಂಬುದು ಕಾರಣ. ಸುಳ್ಳಲ್ಲ. 2023ರಲ್ಲಿ ಆಕಾಸ ಏರ್ ಕಂಪನಿಯಿಂದ ನಲವತ್ತಕ್ಕೂ ಹೆಚ್ಚು ಪೈಲಟ್‌ಗಳು ನೋಟೀಸು ಪೂರೈಸದೆ ಹೊರಟಾಗ ವಿಮಾನಗಳು ರದ್ದಾದವು, ಕಂಪನಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ತಿಂಗಳಿಗೆ ಲಕ್ಷಗಟ್ಟಲೆ ಸಂಬಳ ಪಡೆಯುವ ಪೈಲಟ್‌ನನ್ನು ಜೀತದಾಳು ಎಂದರೆ ಅದು ಜೀತ ಮಾಡಿದವರಿಗೆ ಮಾಡುವ ಅವಮಾನ. ಬಾಣಲೆಯ ಮುಂದಿನ ಹುಡುಗಿಯ ಬೆಂದ ಬೆರಳಿಗೂ ಇವನ ಸಹಿಗೂ ಹೋಲಿಕೆಯಿಲ್ಲ. ನಾವು ಹೋಲಿಸುತ್ತಿರುವುದು ಹಣ ಹೋಗುವ ದಿಕ್ಕನ್ನು. ಪೇಷ್ಗಿಯಲ್ಲಿ ಹಣ ಮಾಲೀಕನಿಂದ ಆಳಿನ ಮನೆಗೆ ಬಂತು, ಅದರ ಹಿಂದೆ ಹಗ್ಗ ಬಂತು. ಅದು ಕ್ರೂರ, ಆದರೆ ಅದಕ್ಕೊಂದು ತರ್ಕವಿತ್ತು. ಕಾರ್ಖಾನೆಯ ಅಪ್ರೆಂಟಿಸನಿಗೆ ಕಂಪನಿ ಹಣ ಕೊಟ್ಟು ಕಲಿಸಿತು. ಕೆಲವು ವರ್ಷ ಇರು ಎಂದು ಅದು ಕೇಳಿದರೆ ಅದರಲ್ಲೂ ಅರ್ಥವಿದೆ. ಹೊಸ ಪೈಲಟ್‌ನ ವಿಷಯದಲ್ಲಿ ಹಣ ಅವನ ತಂದೆಯ ಮನೆಯಿಂದ ಹೊರಟು ತರಬೇತಿ ಕೊಡುವವರ ಕಡೆಗೆ ಹೋಗಿದೆ. ಹಗ್ಗ ಮಾತ್ರ ಹಳೆಯ ದಿಕ್ಕಿನಲ್ಲೇ ಇದೆ.

ನ್ಯಾಯಾಲಯಗಳು ಇದನ್ನು ಹೇಗೆ ಕಾಣುತ್ತವೆ? 1872ರ ಕರಾರು ಕಾಯಿದೆಯ 27ನೇ ಕಲಮು ಯಾರನ್ನೂ ತನ್ನ ಕಸುಬು ಮಾಡದಂತೆ ತಡೆಯುವ ಕರಾರು ನಿರರ್ಥಕ ಎನ್ನುತ್ತದೆ. 74ನೇ ಕಲಮು, ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲಿನ ಮಿತಿ ಎನ್ನುತ್ತದೆ. ಇವೆರಡರ ನಡುವೆ ಬಾಂಡುಗಳು ಬದುಕಿವೆ. ಇತ್ತೀಚಿನ ದೊಡ್ಡ ತೀರ್ಪು ಬಂದದ್ದು ನಮ್ಮದೇ ಬ್ಯಾಂಕೊಂದರ ಮೊಕದ್ದಮೆಯಲ್ಲಿ. 1931ರಲ್ಲಿ ಎ.ಬಿ. ಶೆಟ್ಟರು ಮಂಗಳೂರಿನಲ್ಲಿ ಸ್ಥಾಪಿಸಿದ, 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದ ವಿಜಯಾ ಬ್ಯಾಂಕು ಅದು. ಮೂರು ವರ್ಷ ತುಂಬುವ ಮೊದಲೇ 2009ರಲ್ಲಿ ಬೇರೆ ಬ್ಯಾಂಕಿಗೆ ಹೋದ ಅಧಿಕಾರಿಯೊಬ್ಬರಿಂದ ಅದು ಬಾಂಡಿನಂತೆ ಎರಡು ಲಕ್ಷ ರೂಪಾಯಿ ಕಟ್ಟಿಸಿಕೊಂಡಿತ್ತು. ಕರ್ನಾಟಕ ಹೈಕೋರ್ಟು ಅಧಿಕಾರಿಯ ಪರವಾಗಿ ನಿಂತಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ ಬಾಂಡನ್ನು ಎತ್ತಿಹಿಡಿಯಿತು. ಬೇರೆಡೆ ಕೆಲಸ ಮಾಡುವುದನ್ನು ಬಾಂಡು ತಡೆಯುತ್ತಿಲ್ಲ, ಸಾರ್ವಜನಿಕ ಬ್ಯಾಂಕು ಜಾಹೀರಾತು ಕೊಟ್ಟು ಪರೀಕ್ಷೆ ನಡೆಸಿ ಮತ್ತೆ ಆಳು ಹುಡುಕುವ ಖರ್ಚು ನಿಜವಾದದ್ದು, ಆ ಹುದ್ದೆಯ ಸಂಬಳಕ್ಕೆ ಎರಡು ಲಕ್ಷ ವಿಪರೀತವಲ್ಲ ಎಂಬುದು ಅದರ ವಾದಸರಣಿ.

ಈ ತೀರ್ಪನ್ನು ಖಾಸಗಿ ಕಂಪನಿಗಳು ತಮ್ಮ ಗುರಾಣಿಯಾಗಿ ಹಿಡಿಯುತ್ತವೆ. ನಮಗೆ ಅದರಲ್ಲಿ ಅಳತೆಗೋಲೂ ಕಾಣುತ್ತದೆ. ಕೋರ್ಟು ಒಪ್ಪಿದ್ದು ಬ್ಯಾಂಕಿಗೆ ತಗಲುವ ಖರ್ಚನ್ನು, ಸಂಬಳಕ್ಕೆ ಹೊಂದುವ ಮೊತ್ತವನ್ನು. ತರಬೇತಿಯ ಹಣವನ್ನು ಹುಡುಗನೇ ಕಟ್ಟಿರುವಾಗ ಕಂಪನಿಗೆ ಆದ ಖರ್ಚು ಯಾವುದು ಎಂಬ ಪ್ರಶ್ನೆ ಅಲ್ಲಿ ಬಂದಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2025ರಲ್ಲೇ ಕೆಲವು ವಿನಾಯಿತಿಗಳೊಂದಿಗೆ ಇರು ಅಥವಾ ಹಣ ಕಟ್ಟು ಎಂಬ ಬಗೆಯ ಕರಾರುಗಳನ್ನು 2026ರ ಜನವರಿಯಿಂದ ನಿಷೇಧಿಸುವ ಕಾನೂನು ಮಾಡಿತು. ನಮ್ಮಲ್ಲಿ ಆ ಮಾತು ಇನ್ನೂ ಶಾಸನಸಭೆಯವರೆಗೆ ಹೋಗಿಲ್ಲ.

ಇನ್ನೊಂದು ಪ್ರಶ್ನೆ, ಕಂಪನಿಯೇ ಮುಳುಗಿದರೆ? ಇದು ಊಹೆಯಲ್ಲ. ಕಿಂಗ್‌ಫಿಷರ್ ತಿಂಗಳುಗಟ್ಟಲೆ ಸಂಬಳ ಬಾಕಿಯಿಟ್ಟು 2012ರ ಅಕ್ಟೋಬರಿನಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತವು. ನೌಕರ ಬಿಟ್ಟರೆ ಇಷ್ಟು ಲಕ್ಷ ಎಂದು ಬರೆಯುವ ಲೇಖನಿ, ಕಂಪನಿ ನಿಂತರೆ ಇಷ್ಟು ಲಕ್ಷ ಎಂದು ಬರೆಯುವುದಿಲ್ಲ. 1961ರಲ್ಲಿ ಅಪ್ರೆಂಟಿಸನಿಗೆ ಸಿಕ್ಕ ಆ ಎರಡು ಕಡೆಯ ಹೊಣೆ ಕೋಟಿ ಖರ್ಚು ಮಾಡಿದವನಿಗೆ ಸಿಕ್ಕಿಲ್ಲ.

ಹಾಗಾಗಿ ಮಂಚೇನಹಳ್ಳಿಯಲ್ಲೋ ಚಿಂತಾಮಣಿಯಲ್ಲೋ ಜಮೀನಿನ ಪತ್ರ ಹೊರತೆಗೆಯುವ ಮೊದಲು ತಂದೆಯಾದವರು ಕೇಳಬೇಕಾದ ಕೆಲವು ಸಂಗತಿಗಳಿವೆ. ಬಾಂಡಿನ ಮೊತ್ತ ಕಂಪನಿ ನಿಜವಾಗಿ ಖರ್ಚು ಮಾಡಿದ್ದೇ, ಅದರ ಲೆಕ್ಕ ಕೊಡುತ್ತದೆಯೇ? ದುಡಿದ ಪ್ರತಿ ತಿಂಗಳಿಗೂ ಅದು ಕರಗುತ್ತದೆಯೇ, ಅಥವಾ ಪೇಷ್ಗಿಯ ಅಸಲಿನ ಹಾಗೆ ಕೊನೆಯ ದಿನದವರೆಗೂ ಪೂರ್ತಿ ನಿಲ್ಲುತ್ತದೆಯೇ? ಸಂಬಳ ನಿಂತರೆ ಬಾಂಡೂ ಬೀಳುತ್ತದೆಯೇ? ತರಬೇತಿ ಮುಗಿದರೂ ಕೆಲಸ ಸಿಗದಿದ್ದರೆ ಕಟ್ಟಿದ ಹಣದ ಗತಿಯೇನು? ಕೊನೆಗೆ, ಜಾಮೀನುದಾರರ ಜಾಗದಲ್ಲಿ ಯಾರ ಸಹಿ ಕೇಳುತ್ತಾರೆ? ಹೆಚ್ಚಾಗಿ ಅದು ತಂದೆಯದೇ. ಫಿಲೇಚರಿನ ಪೇಷ್ಗಿಗೂ ಹೆಬ್ಬೆಟ್ಟು ಒತ್ತುತ್ತಿದ್ದವನು ಅವನೇ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನು ನಿಂತವನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು 1872ರ ಕಾಯಿದೆಯ 128ನೇ ಕಲಮು ಹೇಳುತ್ತದೆ. ಅಂದರೆ ಮಗ ಕೆಲಸ ಬಿಟ್ಟ ದಿನ ಕಂಪನಿಯ ನೋಟೀಸು ಅವನ ಬೆಂಗಳೂರಿನ ಬಾಡಿಗೆ ಮನೆಗೂ ಬರಬಹುದು, ಮಂಚೇನಹಳ್ಳಿಯ ಮನೆಗೂ ಬರಬಹುದು.